ಬೆದರಿಸಿದವನ ಪೂರ್ವಪಕ್ಷ

ಆ ಪತ್ರ ಸಂಸ್ಥೆಯ ವಿಳಾಸಕ್ಕೆ ಬಂದಿತ್ತು. ಲಕೋಟೆಯ ಮೇಲೆ ನನ್ನ ಹೆಸರನ್ನು ಜಪಾನೀ ಲಿಪಿಯಲ್ಲಿ, ಮೇಲಿನಿಂದ ಕೆಳಕ್ಕೆ, ಕುಂಚದ ಲೇಖನಿಯಿಂದ ಬರೆದಿದ್ದರು. ಅದನ್ನು ನನ್ನ ಕೊಠಡಿಗೆ ತಂದ ನನ್ನ ದುಭಾಷಿ ಸಂತೋಷದಿಂದಲೇ ಒಡೆದಳು.

"ಗುರುಗಳೇ, ಯಾರೋ ಹಳೇ ಕಾಲದೋರು ಬರ್ದಿದಾರೆ ನಿಮಗೆ. ಹ್ಯಾಂಡ್‌ರೈಟಿಂಗ್ ನೋಡಿ, ಎಷ್ಟ್ ಚೆನ್ನಾಗಿದೆ!"

ಆಕೆ ಮೈಸೂರಿನ ಹೆಣ್ಣುಮಗಳು. ಟೋಕಿಯೋದ ಆ ಸಂಶೋಧನಾ ಸಂಸ್ಥೆಯಲ್ಲಿ ಡಾಕ್ಟರೇಟ್ ಪದವಿಗಾಗಿ ಅಧ್ಯಯನ ಮಾಡುತ್ತಿದ್ದಳು. ಗಂಡ ಮತ್ತು ಐದು ವರ್ಷದ ಮಗಳೊಡನೆ ನಿಶಿ ಕಸಾಯಿಯಲ್ಲಿ ವಾಸ. ನನಗೆ ಅದೇ ಬಡಾವಣೆಯಲ್ಲಿ ಒಂದು ಕೋಣೆಯ ಮನೆಯನ್ನು ಸಂಸ್ಥೆಯವರು ಕೊಡಿಸಿದ್ದರು. ವಾದಸಭೆಯ ನಿಯಮಗಳನ್ನು ಹೇಳುವ ಒಂದು ತಾಳೆಗರಿಯ ಹಸ್ತಪ್ರತಿಯನ್ನು ಅಲ್ಲಿನ ವಿದ್ವಾಂಸರೊಡನೆ ಕುಳಿತು ಓದುವುದು ನನ್ನ ಕೆಲಸ. ಆ ಶರತ್ಕಾಲದಲ್ಲಿ ಸಾರ್ವಜನಿಕರಿಗಾಗಿ ಒಂದು ಉಪನ್ಯಾಸವನ್ನೂ ಕೊಡಬೇಕೆಂದು ಕೇಳಿದ್ದರು. ವಾಕ್‌ಸ್ವಾತಂತ್ರ್ಯಕ್ಕೂ ಆಯುಧ ಧರಿಸುವ ಹಕ್ಕಿಗೂ ಇರುವ ಸಂಬಂಧವೇನು ಎಂಬುದು ವಿಷಯ. ನಾನು ಕನ್ನಡದಲ್ಲಿ ಮಾತನಾಡುವುದು, ಆಕೆ ಜಪಾನೀ ಭಾಷೆಯಲ್ಲಿ ಹೇಳುವುದು ಎಂದು ಏರ್ಪಾಡಾಗಿತ್ತು. ನಮ್ಮಿಬ್ಬರ ಹೆಸರೂ, ನನ್ನ ನಿಲುವಿನ ನಾಲ್ಕು ಸಾಲಿನ ಸಾರಾಂಶವೂ ಒಂದು ಸ್ಥಳೀಯ ಪತ್ರಿಕೆಯಲ್ಲಿ ಅಚ್ಚಾಗಿದ್ದವು.

ಆಕೆ ಓದುತ್ತಾ ಕನ್ನಡದಲ್ಲಿ ಹೇಳತೊಡಗಿದಳು. ಮೊದಲು ಋತುವಿನ ಕುಶಲೋಪರಿ: ಎಲೆಗಳು ಬಣ್ಣ ತಿರುಗುವ ಈ ಕಾಲದಲ್ಲಿ ತಾವು ಕ್ಷೇಮವೆಂದು ನಂಬಿರುತ್ತೇನೆ. ಅನಂತರ ಮೂರು ವಾದಗಳು. ಒಂದು, ಕೈಯಲ್ಲಿ ಆಯುಧವಿಲ್ಲದವನ ಮಾತು ಆಯುಧವುಳ್ಳ ಸರ್ಕಾರದ ಅನುಮತಿಯಿಂದ ಮಾತ್ರ ನಡೆಯುತ್ತದೆ. ಅನುಮತಿಯಿಂದ ನಡೆಯುವುದು ಸ್ವಾತಂತ್ರ್ಯವಲ್ಲ. ಎರಡು, ಪೊಲೀಸರ ಪಿಸ್ತೂಲಿನ ನೆರಳಲ್ಲಿ ನಿಂತು ಆಯುಧತ್ಯಾಗವನ್ನು ಬೋಧಿಸುವ ಪರದೇಶಿಯ ಮಾತಿಗೆ ಬೆಲೆಯಿಲ್ಲ. ಮೂರನೆಯದನ್ನು ಓದುವಾಗ ಆಕೆಯ ಸ್ವರ ನಿಧಾನವಾಯಿತು. ಆಯುಧವು ಸಭೆಗೆ ಬರಬೇಕಾಗಿಯೇ ಇಲ್ಲ. ಅದು ಎಲ್ಲೋ ಇದೆಯೆಂದು ತಿಳಿದರೆ ಸಾಕು, ಆಡುವವರು ತಾವಾಗಿಯೇ ಒಂದು ಮಾತನ್ನು ನುಂಗುತ್ತಾರೆ. ಆ ನುಂಗಿದ ಮಾತಿನಲ್ಲಿ ನಾನು ಗೆದ್ದಿರುತ್ತೇನೆ.

ಮುಂದಿನ ಸಾಲುಗಳನ್ನು ಆಕೆ ಒಮ್ಮೆ ಮನಸ್ಸಿನಲ್ಲೇ ಓದಿಕೊಂಡಳು. "ಏನಮ್ಮ ಅದು?" ಎಂದೆ.

"ನೀವು ಆ ದಿವಸ ಮಾತಾಡಿದ್ರೆ, ಅವ್ರು ಕೈಯಾರೆ ಮಾಡಿಟ್ಕೊಂಡಿರೋ ಒಂದು ವಸ್ತುನೂ ಮಾತಾಡುತ್ತಂತೆ, ಗುರುಗಳೇ. ಕೊಳವೆ, ಮರ, ಎಲ್ಲಾ ಸೇರ್ಸಿ ಮಾಡಿದಾರಂತೆ." ಆಕೆ ಕಾಗದವನ್ನು ಮೇಜಿನ ಮೇಲೆ ಮೆಲ್ಲನೆ ಇಟ್ಟಳು. "ಆಮೇಲೆ... ನಿಮ್ಮ ಮಾತನ್ನ ನಮ್ಮ ಭಾಷೇಲಿ ಆಡೋ ಬಾಯಿನೂ ನಿಮ್ಮದೇ ಅಂತ ಲೆಕ್ಕ ಹಾಕ್ತೀನಿ, ಅಂತ."

ಕೊನೆಯಲ್ಲಿ, ಚಳಿ ಬರುತ್ತಿದೆ, ದೇಹಾರೋಗ್ಯವನ್ನು ಜೋಪಾನ ಮಾಡಿಕೊಳ್ಳಿ ಎಂದಿತ್ತು. ಅರ್ಥವಾಗದ ಆ ಅಕ್ಷರಗಳನ್ನು ನಾನು ಬಹಳ ಹೊತ್ತು ನೋಡುತ್ತಾ ಕುಳಿತೆ. ಕೋಪದಲ್ಲಿ ಬರೆದ ಕಾಗದಗಳನ್ನು ನಾನು ಕಂಡಿದ್ದೇನೆ. ಅವುಗಳ ಬಗ್ಗೆ ನನಗೆ ಭಯವಿಲ್ಲ. ಇದರಲ್ಲಿ ಒಂದು ಗೀಟೂ ನಡುಗಿರಲಿಲ್ಲ.

ಸಂಸ್ಥೆಯವರು ಕರೆಸಿದ ಪೊಲೀಸ್ ಅಧಿಕಾರಿ ಅದೇ ದಿನ ಮಧ್ಯಾಹ್ನ ಬಂದರು. ಬಿಳಿಯ ಕೈಗವಸು ತೊಟ್ಟು ಪತ್ರವನ್ನು ಪಾರದರ್ಶಕ ಲಕೋಟೆಗೆ ಸೇರಿಸಿದರು. ಯಾರು ಮುಟ್ಟಿದಿರಿ, ಎಷ್ಟು ಸಲ, ಯಾವ ಬೆರಳಿನಿಂದ ಎಂದು ಕೇಳಿ ಬರೆದುಕೊಂಡರು. ಉಪನ್ಯಾಸ ನಡೆಯಬೇಕಾದ ಸಭಾಂಗಣದ ನಕ್ಷೆಯನ್ನು ತರಿಸಿ, ಎರಡು ಬಾಗಿಲುಗಳಿಗೂ ಕೆಂಪು ಗುರುತು ಹಾಕಿದರು. ವೇದಿಕೆಯ ಎರಡೂ ಬದಿಗೆ ಸಾದಾ ಉಡುಪಿನಲ್ಲಿ ಪಿಸ್ತೂಲುಧಾರಿಗಳು ನಿಲ್ಲುವುದು, ಮೊದಲ ಎರಡು ಸಾಲು ಖಾಲಿ ಬಿಡುವುದು, ನಾನು ಶಾಲಿನ ಒಳಗೆ ಗುಂಡು ತಡೆಯುವ ಅಂಗಿ ತೊಡುವುದು, ಇವು ಅವರ ಸಲಹೆಗಳು.

ವಿಭಾಗದ ಪ್ರಾಧ್ಯಾಪಕರು ನನಗಿಂತ ಎರಡು ವರ್ಷಕ್ಕೆ ಚಿಕ್ಕವರು, ಬೌದ್ಧ ತರ್ಕದಲ್ಲಿ ದೊಡ್ಡ ವಿದ್ವಾಂಸರು. ನಮಗಿಬ್ಬರಿಗೂ ಸರಾಗವಾಗಿ ಬರುವ ಸಮಾನ ಭಾಷೆ ಸಂಸ್ಕೃತವೊಂದೇ ಆದ್ದರಿಂದ ಅದರಲ್ಲೇ ನಮ್ಮ ಸಂಭಾಷಣೆ ನಡೆಯುತ್ತಿತ್ತು. ಅಧಿಕಾರಿ ಹೋದ ಮೇಲೆ ಅವರು ಹೇಳಿದರು, "ಆಚಾರ್ಯರೇ, ಉಪನ್ಯಾಸವನ್ನು ಮುಂದಕ್ಕೆ ಹಾಕೋಣ. ಎಲ್ಲಿಯವರೆಗೆ ಎಂದು ಮಾತ್ರ ನನ್ನನ್ನು ಕೇಳಬೇಡಿ."

ನಾನು ಯೋಚಿಸಲು ಮೂರು ದಿನ ಕೇಳಿದೆ.

ಆ ಮೂರು ದಿನಗಳ ಬಗ್ಗೆ ಮರೆಮಾಚದೆ ಹೇಳಬೇಕು. ಎಂಟನೆಯ ವಯಸ್ಸಿನಿಂದ ತಪ್ಪದೆ ಮಾಡಿಕೊಂಡು ಬಂದಿರುವ ಗಾಯತ್ರೀ ಜಪದಲ್ಲಿ ಮೊದಲ ಬಾರಿ ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ ಆರಂಭಿಸಿದೆ, ಮತ್ತೆ ತಪ್ಪಿತು. ರಕ್ಷಿಸುವವನು ಭಗವಂತನೆಂದು ಶಿಷ್ಯರಿಗೆ ಹೇಳುತ್ತಾ ಬಂದವನು ನಾನು. ಈಗ ಬಾಗಿಲಿನ ಚಿಲಕವನ್ನು ನಾಲ್ಕು ಸಲ ಮುಟ್ಟಿ ನೋಡುತ್ತಿದ್ದೆ. ಮೆಟ್ರೋ ನಿಲ್ದಾಣದಲ್ಲಿ ಬೆನ್ನನ್ನು ಕಂಬಕ್ಕೆ ಒತ್ತಿಕೊಂಡು ನಿಲ್ಲುತ್ತಿದ್ದೆ. ಎರಡನೆಯ ದಿನ ಬೆಳಿಗ್ಗೆ ತೋಜಾಯಿ ಮಾರ್ಗದ ಗಾಡಿಯಲ್ಲಿ, ನನ್ನಷ್ಟೇ ವಯಸ್ಸಾದ ಒಬ್ಬ ಮಹಿಳೆ ತಮ್ಮ ಎತ್ತರವನ್ನೂ ಮೀರಿದ, ಬಟ್ಟೆ ಸುತ್ತಿದ ಉದ್ದನೆಯ ವಸ್ತುವೊಂದನ್ನು ಹಿಡಿದು ನನ್ನ ಪಕ್ಕದಲ್ಲಿ ಬಂದು ನಿಂತರು. ಮುಂದಿನ ನಿಲ್ದಾಣವಾದ ಮಿನಾಮಿ ಸುನಾಮಾಚಿಯಲ್ಲಿ ಇಳಿದುಬಿಟ್ಟೆ. ಅದು ಧನುರ್ವಿದ್ಯೆಯ ತರಗತಿಗೆ ಒಯ್ಯುವ ಬಿಲ್ಲು ಎಂದು ಆಮೇಲೆ ದುಭಾಷಿ ತಿಳಿಸಿದಳು. ಆಕೆ ನಗಲು ಯತ್ನಿಸಿದಳು, ಅರ್ಧದಲ್ಲೇ ನಿಂತಿತು.

ನನ್ನ ಭಯಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಆಕೆಯ ವಿಚಾರ. ಮಾತನಾಡುವ ಹಕ್ಕು ನನ್ನದು, ನಿಜ. ಆದರೆ ಈ ದೇಶದಲ್ಲಿ ನನ್ನ ಮಾತು ಆಕೆಯ ಬಾಯಿಂದ ಹೊರಡಬೇಕು. ನಾನು ಧೈರ್ಯವಂತನಾದರೆ ಅದರ ಫಲವನ್ನು ಅನುಭವಿಸುವವಳು ಆಕೆಯೂ ಹೌದು.

ಮೂರನೆಯ ದಿನ ಸಂಜೆ ಅವರ ಮನೆಗೆ ಹೋದೆ. ಗಂಡ ಸಾಫ್ಟ್‌ವೇರ್ ಕಂಪನಿಯೊಂದರ ಉದ್ಯೋಗಿ. ಆ ದಿನ ಬೇಗ ಬಂದಿದ್ದ. ಕಾಫಿ ಲೋಟವನ್ನು ನನ್ನ ಮುಂದಿಟ್ಟು ನಿಂತುಕೊಂಡೇ ಹೇಳಿದ.

"ಗುರುಗಳೇ, ತಪ್ಪು ತಿಳ್ಕೋಬೇಡಿ. ಇವಳು ಬರಲ್ಲ. ನಿಮಗೆ ಬೇರೆ ಯಾರಾದ್ರೂ ಸಿಗ್ತಾರೆ."

"ಅದನ್ನ ಹೇಳೋಕೆ ನೀನ್ಯಾರೋ?" ಎಂದಳು ಆಕೆ ಅಡುಗೆಮನೆಯಿಂದ. "ಇನ್ವಿಟೇಷನ್‌ನಲ್ಲಿ ನಿನ್ನ ಹೆಸರಿದ್ಯಾ?"

"ಅಯ್ಯೋ, ಲೆಟರ್‌ನಲ್ಲಿ ನಿನ್ನ ಹೆಸರಿದೆಯಲ್ಲೇ ಮಾರಾಯ್ತಿ! ಅದಕ್ಕೇ ಹೇಳ್ತಿರೋದು."

"ಹೆಸರಿಲ್ಲ. ಬಾಯಿ ಅಂತ ಇದೆ."

"ನಿನ್ನ ಬಾಯಿ ಗೊತ್ತಿರೋರು ಯಾರೂ ಹಾಗೆ ಧೈರ್ಯವಾಗಿ ಬರೆಯಲ್ಲ ಬಿಡು."

ನಾನು ನಕ್ಕೆ. ನೆಲದ ಮೇಲೆ ಬಣ್ಣ ಹಚ್ಚುತ್ತಾ ಕುಳಿತಿದ್ದ ಮಗು ನಮ್ಮ ಕನ್ನಡವನ್ನೆಲ್ಲ ಕೇಳಿಸಿಕೊಂಡು, ತಲೆಯೆತ್ತಿ ಜಪಾನೀ ಭಾಷೆಯಲ್ಲಿ ತಾಯಿಯನ್ನು ಕೇಳಿತು. "ಕೊವಾಯ್ ನೊ?" ಹೆದರಿಕೆಯಾಗ್ತಿದೆಯಾ ಎಂದು.

"ಇಲ್ಲ ಪುಟ್ಟಾ," ಎಂದಳು ಆಕೆ. ಅನಂತರ ನನ್ನ ಕಡೆ ತಿರುಗಿ, "ಹೌದು ಗುರುಗಳೇ, ಆಗ್ತಿದೆ," ಎಂದಳು.

ನಾನು ಯೋಚಿಸಿಕೊಂಡು ಬಂದಿದ್ದ ದಾರಿಯನ್ನು ಹೇಳಿದೆ. ನಾನು ಸಂಸ್ಕೃತದಲ್ಲಿ ಮಾತನಾಡುತ್ತೇನೆ, ಪ್ರಾಧ್ಯಾಪಕರೇ ಜಪಾನೀ ಭಾಷೆಗೆ ತರಲಿ, ಅವರು ಒಪ್ಪಿದ್ದಾರೆ.

"ನಮ್ಮ ಪ್ರೊಫೆಸರ್ ಸೆನ್ಸೇಯಿ ಪಾಪ, ನ್ಯಾಯಶಾಸ್ತ್ರದ ಟರ್ಮ್ಸ್ ಎಲ್ಲಾ ಹೇಳ್ತಾರೆ. ನೀವು ಮಧ್ಯದಲ್ಲಿ ದೋಸೆ ಕಾವಲಿ ಉದಾಹರಣೆ ಕೊಟ್ರೆ ಏನ್ ಮಾಡ್ತಾರೆ?" ಎಂದು ಆಕೆ ಬಂದು ಕುಳಿತಳು. "ಮೂರು ವಾರ ಒಂದೊಂದು ಪದಕ್ಕೆ ಕೂತು ಮಾಡಿದೀವಿ. ಈಗ ನಾನು ಮನೇಲಿದ್ರೆ, ಆಮೇಲೆ ಈ ಮಗೂಗೆ ಏನಂತ ಹೇಳ್ಲಿ? ಬರ್ತೀನಿ ಗುರುಗಳೇ. ನೀವು ಬೇಡ ಅಂದ್ರೆ ಮಾತ್ರ ಬರಲ್ಲ."

ಬೇಡ ಎಂದು ಹೇಳಲು ಹೋದವನು ನಾನು. ಹೇಳಲಾಗಲಿಲ್ಲ. ಗಂಡ ನನ್ನನ್ನು ನೋಡುತ್ತಿದ್ದ. ಅವನ ಕಣ್ಣಿನ ಪ್ರಶ್ನೆಗೆ ಉತ್ತರ ಕೊಡದೆ ಕಾಫಿ ಕುಡಿದು ಎದ್ದೆ. ಆ ಮೌನ ನ್ಯಾಯವಾದುದೇ ಎಂದು ಇಂದಿಗೂ ನನಗೆ ನಿಶ್ಚಯವಿಲ್ಲ.

ಮಾರನೆಯ ದಿನ ಅಧಿಕಾರಿಯವರಿಗೂ ಪ್ರಾಧ್ಯಾಪಕರಿಗೂ ನನ್ನ ನಿರ್ಧಾರವನ್ನು ತಿಳಿಸಿದೆ. ಅದಕ್ಕೆ ಕಾರಣ ಪತ್ರದ ಎರಡನೆಯ ವಾದ. ಪಿಸ್ತೂಲುಗಳ ನಡುವೆ ನಿಂತು ನಾನು ಮಾತನಾಡಿದರೆ, ಬಾಯಿ ತೆರೆಯುವ ಮೊದಲೇ ಆ ವಾದವನ್ನು ಒಪ್ಪಿಕೊಂಡಂತಾಗುತ್ತಿತ್ತು. ಆದುದರಿಂದ ಸಭಾಂಗಣದ ಒಳಗೆ ಯಾರ ಬಳಿಯೂ ಆಯುಧವಿರಬಾರದು, ಪೊಲೀಸರ ಬಳಿಯೂ. ಅವರು ಬಾಗಿಲುಗಳ ಹೊರಗೆ ನಿಲ್ಲಲಿ. ಒಳಗೆ ಬರುವ ಪ್ರತಿಯೊಬ್ಬರ ಚೀಲವನ್ನೂ ಹೊರಗೇ ಇಡಿಸಿ, ಸಂಖ್ಯೆಯ ಬಿಲ್ಲೆ ಕೊಡಲಿ, ಮೈಯನ್ನು ಲೋಹ ಹುಡುಕುವ ಕೈಯಂತ್ರದಿಂದ ನೋಡಲಿ. ಇದಕ್ಕೆ ಯಾರೂ ಹೊರತಲ್ಲ, ನಾನೂ ಅಲ್ಲ.

ಅಧಿಕಾರಿ ಹಲ್ಲಿನ ನಡುವೆ ಉಸಿರೆಳೆದುಕೊಂಡು "ಮುಜುಕಾಶಿಯ್ ದೆಸು ನೇ" ಎಂದರು. ಕಷ್ಟ ಎಂಬುದು ಮಾತಿನ ಅರ್ಥ. ಆಗದು ಎಂಬುದು ಅಭಿಪ್ರಾಯ. ದುಭಾಷಿಗೆ ಅಪಾಯ ಹೆಚ್ಚುತ್ತದೆ ಎಂದೂ ಸೇರಿಸಿದರು. ಆಕೆ ಅದನ್ನು ನನಗೆ ಕನ್ನಡದಲ್ಲಿ ಹೇಳಿ, ಅದೇ ಉಸಿರಿನಲ್ಲಿ ಅವರಿಗೆ ಜಪಾನೀ ಭಾಷೆಯಲ್ಲಿ ಏನನ್ನೋ ಉತ್ತರಿಸಿದಳು. ಏನು ಹೇಳಿದೆ ಎಂದು ಕೇಳಿದೆ. "ದುಭಾಷಿ ಒಪ್ಪಿದಾಳೆ ಅಂದೆ." ಎರಡು ಗಂಟೆಯ ಚರ್ಚೆ, ಮೂರು ದೂರವಾಣಿ ಕರೆಗಳ ನಂತರ ಅವರು ಸಮ್ಮತಿಸಿದರು.

ಎರಡನೆಯ ನಿರ್ಧಾರ ಉಪನ್ಯಾಸದ ರಚನೆಗೆ ಸೇರಿದ್ದು. ನಮ್ಮ ಶಾಸ್ತ್ರದಲ್ಲಿ ಪ್ರತಿವಾದಿಯ ಪಕ್ಷವನ್ನು ಮೊದಲು ಹೇಳಬೇಕು. ಅದಕ್ಕೆ ಪೂರ್ವಪಕ್ಷ ಎಂದು ಹೆಸರು. ಅದನ್ನು ದುರ್ಬಲಗೊಳಿಸಿ ಹೇಳುವುದು ಅಧರ್ಮ. ಪ್ರತಿವಾದಿಯೇ ಕೇಳಿ, ಹೌದು, ನಾನಾದರೂ ಇದಕ್ಕಿಂತ ಚೆನ್ನಾಗಿ ಹೇಳಲಾರೆ ಎಂದು ತಲೆದೂಗುವಂತೆ ಹೇಳಿದ ಮೇಲೆಯೇ ಸಿದ್ಧಾಂತಕ್ಕೆ ಅಧಿಕಾರ ಬರುತ್ತದೆ. ಬೆದರಿಸಿದವನಾದರೂ ಅವನು ವಾದ ಮಾಡಿದ್ದ. ಮೂರನ್ನೂ ಪೂರ್ವಪಕ್ಷದ ಪೀಠದಲ್ಲಿ ಕೂರಿಸುವುದೆಂದು ತೀರ್ಮಾನಿಸಿದೆ. ತನಿಖೆ ನಡೆಯುತ್ತಿದ್ದುದರಿಂದ ಪತ್ರದ ಹೆಸರೆತ್ತಬಾರದೆಂದು ಅಧಿಕಾರಿ ಷರತ್ತು ಹಾಕಿದರು. ಒಪ್ಪಿದೆ.

ಆಮೇಲೆ ಹತ್ತು ದಿನ ನಾವಿಬ್ಬರೂ ಪಾಠವನ್ನು ತಿದ್ದಿದೆವು. ನಾನು ಒಂದು ಬಾರಿಗೆ ಐದು ವಾಕ್ಯ ಮೀರದಂತೆ ಹೇಳುವುದು, ಆಕೆ ಹೇಳುವುದು, ಮತ್ತೆ ನಾನು. ಅರ್ಥವಾಗದಿದ್ದರೆ ಆಕೆ ನನ್ನನ್ನು ನಿಲ್ಲಿಸಿ ಕೇಳಬಹುದು, ಕೂಡಿಸುವಂತಿಲ್ಲ, ಕಳೆಯುವಂತಿಲ್ಲ. ಮೊದಲ ಎರಡು ವಾದಗಳಿಗೆ ಉತ್ತರ ಸಿದ್ಧವಾಯಿತು. ಮೂರನೆಯದಕ್ಕೆ ಸಿಕ್ಕಲಿಲ್ಲ. ಹುಡುಕಿದಷ್ಟೂ ಅದು ನನ್ನ ಒಳಗೇ ಸಾಕ್ಷಿ ಹೇಳುತ್ತಿತ್ತು. ಕೊನೆಗೆ ಬರೆದದ್ದು ಇಷ್ಟೇ: ಇದಕ್ಕೆ ಯುಕ್ತಿಯಿಂದ ನನ್ನಲ್ಲಿ ಉತ್ತರವಿಲ್ಲ. ಈ ದಿನ ನಾವು ಏನನ್ನೂ ನುಂಗದೆ ಈ ವೇದಿಕೆಯಿಂದ ಇಳಿದರೆ ಅದೇ ಉತ್ತರ.

ದಿನಾಂಕದಲ್ಲಿ ನಾನೊಂದು ತಪ್ಪು ಮಾಡಿದ್ದೆ. ತಿಂಗಳುಗಳ ಹಿಂದೆ ಸಂಸ್ಥೆಯವರು ತೋರಿಸಿದ ದಿನವನ್ನು ಪಂಚಾಂಗ ನೋಡದೆ ಒಪ್ಪಿಕೊಂಡಿದ್ದೆ. ಅದು ಮಹಾನವಮಿ. ಆಯುಧಪೂಜೆಯ ದಿನ ಪುಸ್ತಕ, ಲೇಖನಿಗಳನ್ನೂ ಪೂಜೆಗೆ ಇಡುತ್ತೇವೆ. ಇಟ್ಟದ್ದನ್ನು ವಿಜಯದಶಮಿಯವರೆಗೆ ಓದುವುದಿಲ್ಲ, ಬರೆಯುವುದಿಲ್ಲ. ನಿಶಿ ಕಸಾಯಿಯ ಕನ್ನಡ ಕುಟುಂಬಗಳು ಒಂದು ಸಾರ್ವಜನಿಕ ಭವನದಲ್ಲಿ ಪೂಜೆ ಏರ್ಪಡಿಸಿ ನನ್ನನ್ನೇ ಕರೆದಿದ್ದರು. ಬೆಳಿಗ್ಗೆ ಅಲ್ಲಿ ಲ್ಯಾಪ್‌ಟಾಪು, ಸೈಕಲ್ಲು, ಹೊಲಿಗೆ ಯಂತ್ರಗಳಿಗೆ ಕುಂಕುಮ ಹಚ್ಚಿದೆ. ನನ್ನ ಗುರುಗಳಿಂದ ಬಂದ, ತಾಳೆಗರಿಯ ಮೇಲೆ ಬರೆಯುವ ಕಬ್ಬಿಣದ ಕಂಟವನ್ನೂ ಪುಸ್ತಕಗಳ ಮೇಲಿಟ್ಟೆ. ಊರಿನಲ್ಲಾಗಿದ್ದರೆ ಅದು ಮರುದಿನದವರೆಗೆ ಅಲ್ಲಿಯೇ ಇರುತ್ತಿತ್ತು. ಆ ಭವನವನ್ನು ಹನ್ನೆರಡು ಗಂಟೆಗೆ ಒಂದು ಹೂವಿನ ಎಸಳೂ ಉಳಿಯದಂತೆ ಬಿಟ್ಟುಕೊಡಬೇಕಾಗಿತ್ತು. ಕಂಟವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿ, ನೇರವಾಗಿ ಮೆಟ್ರೋ ಹತ್ತಿದೆವು. ಭಯ ತುಂಬಿದ ತಲೆಯಲ್ಲಿ ಬೇರೆ ಯೋಚನೆಗೆ ಜಾಗವಿರಲಿಲ್ಲ.

ಸಭಾಂಗಣದ ಬಾಗಿಲಲ್ಲಿ ಉದ್ದನೆಯ ಸಾಲು. ನಾನೂ ಸಾಲಿನಲ್ಲಿ ನಿಂತೆ. ಮೇಜಿನ ಬಳಿ ತಪಾಸಣೆಯ ಪೊಲೀಸಿನವನು ನನ್ನ ಚೀಲ ತೆರೆದು ರೇಷ್ಮೆ ಬಟ್ಟೆಯನ್ನು ಬಿಡಿಸಿದ. ಒಂದು ಗೇಣುದ್ದದ ಕಬ್ಬಿಣ. ಒಂದು ತುದಿ ಸೂಜಿಯಂತೆ ಚೂಪು. ಇನ್ನೊಂದು ತುದಿಯಲ್ಲಿ ಗರಿ ಕತ್ತರಿಸುವ ಚಿಕ್ಕ ಅಲಗು. ಅದರ ಮೇಲೆ ಹಸಿಯಾದ ಕೆಂಪು ಕುಂಕುಮ.

ಅವನು ಒಂದು ಹೆಜ್ಜೆ ಹಿಂದೆ ಸರಿದ. ನನ್ನ ಹಿಂದಿದ್ದವರೂ ಸರಿದರು. ಒಂದು ಕ್ಷಣದಲ್ಲಿ ನನ್ನ ಸುತ್ತ ಬರಿಯ ನೆಲ ಕಾಣಿಸಿತು. ಇಷ್ಟು ದಿನ ನಾನು ಪರರನ್ನು ನೋಡುತ್ತಿದ್ದ ಕಣ್ಣುಗಳಿಂದ ಅವರೆಲ್ಲ ನನ್ನನ್ನು ನೋಡುತ್ತಿದ್ದರು.

"ಸುಮಿಮಾಸೆನ್, ಸುಮಿಮಾಸೆನ್," ಎಂದು ಕ್ಷಮೆ ಕೇಳುತ್ತಾ ದುಭಾಷಿ ಮುಂದೆ ಬಂದಳು. ಬಹಳ ವೇಗವಾಗಿ ವಿವರಿಸಿದಳು. ನಡುವೆ ನನ್ನ ಕಡೆ ತಿರುಗಿ, "ಗುರುಗಳೇ, ಎಲ್ಲಾರ ಚೀಲ ಚೆಕ್ ಮಾಡಿ ಅಂತ ರೂಲ್ ಮಾಡಿದ್ದು ನೀವೇ. ಸಿಕ್ಕಿಬಿದ್ದಿದ್ದೂ ನೀವೊಬ್ರೇ!" ಎಂದಳು.

ಅಧಿಕಾರಿ ಬಂದು ಅಳತೆಪಟ್ಟಿ ತರಿಸಿ ಅಲಗನ್ನು ಅಳೆದರು. ನಾಲ್ಕೂವರೆ ಸೆಂಟಿಮೀಟರು. ಇನ್ನೂ ಒಂದೂವರೆ ಸೆಂಟಿಮೀಟರು ಉದ್ದವಿದ್ದಿದ್ದರೆ ನನ್ನನ್ನು ಠಾಣೆಗೆ ಕರೆದೊಯ್ಯಬೇಕಾಗುತ್ತಿತ್ತು, ಚಿಕ್ಕದಾದರೂ ಕಾರಣವಿಲ್ಲದೆ ಒಯ್ಯುವುದು ತಪ್ಪೇ ಎಂದರು. ಇದು ಬರೆಯುವ ಸಾಧನ ಎಂದೆ. ಇಂದು ಬರೆಯುತ್ತೀರಾ ಎಂದು ಕೇಳಿದರು. ಇಂದು ಬರೆಯುವುದು ನಿಷಿದ್ಧ ಎಂದು ನಿಜವನ್ನೇ ಹೇಳಿದೆ. ಪ್ರಾಧ್ಯಾಪಕರು ಸೊಂಟದವರೆಗೆ ಬಾಗಿ ಏನನ್ನೋ ಬೇಡಿಕೊಂಡರು. ಕೊನೆಗೆ, ತಪ್ಪೊಪ್ಪಿಗೆಯ ಹೇಳಿಕೆಗೆ ಮರುದಿನ ಸಹಿ ಹಾಕುವುದೆಂದಾಗಿ, ಕಂಟ ಪೊಲೀಸರ ವಶವಾಯಿತು. ವಾರದ ಬಳಿಕ ಅದನ್ನು ಹಿಂದಿರುಗಿಸುವಾಗ ಅವರು ಕುಂಕುಮವನ್ನು ಒರೆಸಿರಲಿಲ್ಲ.

ಒಳಗೆ ನೂರರಷ್ಟು ಜನರಿದ್ದರು. ಬಾಗಿಲುಗಳು ಮುಚ್ಚಿದವು. ನನ್ನ ಕೈಯಲ್ಲಿ ಕಾಗದವಿರಲಿಲ್ಲ. ದುಭಾಷಿಯ ಮುಂದೆ ಆಕೆಯ ಜಪಾನೀ ಪಾಠವಿತ್ತು. ಇಷ್ಟದೇವತೆಯನ್ನು ಸ್ಮರಿಸಿ ಆರಂಭಿಸಿದೆ. ಮೊದಲ ಹತ್ತು ನಿಮಿಷ ನನ್ನ ಧ್ವನಿ ನನಗೇ ದೂರದಿಂದ ಕೇಳಿಸುತ್ತಿತ್ತು. ಯಾರಾದರೂ ಕೆಮ್ಮಿದರೆ ಭುಜ ತಾನಾಗಿಯೇ ಕುಗ್ಗುತ್ತಿತ್ತು.

ಕೆಲವು ದೇಶಗಳಲ್ಲಿ ಆಯುಧದ ಹಕ್ಕನ್ನು ಮಾತಿನ ಹಕ್ಕಿನ ಕಾವಲೆಂದು ಭಾವಿಸುತ್ತಾರೆ, ಅದನ್ನು ಲಘುವಾಗಿ ಕಾಣಬಾರದು ಎಂದೆ. ಪೂರ್ವಪಕ್ಷದ ಮೊದಲನೆಯ ವಾದವನ್ನು ಇಟ್ಟೆ. ಆಕೆ ಹೇಳಿದಳು. ಎರಡನೆಯದನ್ನು ಇಟ್ಟೆ, ಈ ಬಾಗಿಲಿನ ಹೊರಗೆ ಪಿಸ್ತೂಲು ಇರುವುದನ್ನೂ ಮರೆಮಾಚಲಿಲ್ಲ. ಆಕೆ ಹೇಳಿದಳು, ಸಭೆಯಲ್ಲಿ ಸಣ್ಣ ಚಲನೆ ಕಾಣಿಸಿತು. ಮೂರನೆಯದನ್ನು ಹೇಳಿ, ಅದಕ್ಕೆ ನಾನು ಸಿದ್ಧಪಡಿಸಿದ್ದ ಎರಡು ವಾಕ್ಯಗಳನ್ನೂ ಸೇರಿಸಿ ನಿಲ್ಲಿಸಿದೆ. ಆಕೆ ಕಾಗದವನ್ನು ನೋಡಿದಳು, ಸಭೆಯನ್ನು ನೋಡಿದಳು, ಚಿಕ್ಕದಾಗಿ ಏನನ್ನೋ ಹೇಳಿ ನನ್ನತ್ತ ತಿರುಗಿದಳು. ಬೇಗ ಮುಗಿಯಿತಲ್ಲ ಎನ್ನಿಸಿತು. ಭಯದಲ್ಲಿ ನನ್ನ ಕಿವಿ ಪದಗಳನ್ನು ಹಿಡಿದಿರಲಿಲ್ಲ; ಆಕೆ ಅವಸರದಲ್ಲಿ ಹೇಳಿರಬೇಕೆಂದು ಮುಂದುವರಿದೆ.

ನನ್ನ ಸಿದ್ಧಾಂತದ ತಿರುಳು ದೊಡ್ಡದೇನಲ್ಲ. ಸೋತವನು ಜೀವಂತವಾಗಿ ಮನೆಗೆ ಹೋಗಿ, ಮಾರನೆಯ ದಿನ ಮತ್ತೆ ವಾದಕ್ಕೆ ಬರಬಹುದಾದ ಸ್ಥಳಕ್ಕೆ ಸಭೆ ಎಂದು ಹೆಸರು. ಆಯುಧ ಹಿಡಿದವನು ಒಳ್ಳೆಯವನೇ ಇರಲಿ, ಮಾತನ್ನು ಯಾವಾಗ ನಿಲ್ಲಿಸಬೇಕೆಂಬ ಅಧಿಕಾರ ಅವನೊಬ್ಬನ ಕೈಯಲ್ಲಿರುತ್ತದೆ. ಸರ್ಕಾರದ ಅನುಮತಿಯಿಂದ ನಡೆಯುವ ಮಾತು ಅರೆ ಸ್ವಾತಂತ್ರ್ಯವೆಂಬುದು ನಿಜ. ಅದರ ಪರಿಹಾರ ಎಲ್ಲರೂ ಆಯುಧ ಹಿಡಿಯುವುದಲ್ಲ; ಆಯುಧ ಹಿಡಿದ ಸರ್ಕಾರವೂ ಸಭೆಗೆ ಬಂದು ಉತ್ತರ ಹೇಳುವಂತೆ ಮಾಡುವುದು.

ಮುಗಿಯಿತು. ಏನೂ ಆಗಲಿಲ್ಲ. ಅಲ್ಲಿಯ ಪದ್ಧತಿಯಂತೆ ಪ್ರಶ್ನೆಗಳನ್ನು ಪುಟ್ಟ ಚೀಟಿಗಳಲ್ಲಿ ಪೆನ್ಸಿಲಿನಿಂದ ಬರೆಸಿ ತಟ್ಟೆಯಲ್ಲಿ ತಂದುಕೊಟ್ಟರು. ಆಕೆ ಒಂದೊಂದನ್ನೇ ನೋಡಿ ವಿಂಗಡಿಸುತ್ತಿದ್ದಳು. ಒಂದು ಚೀಟಿಯ ಬಳಿ ಬೆರಳು ನಿಂತಿತು. ಅದನ್ನು ಎಲ್ಲಕ್ಕಿಂತ ಕೆಳಗೆ ಸೇರಿಸಿದಳು. ಉಳಿದ ಪ್ರಶ್ನೆಗಳನ್ನು ಸರಿಯಾದ ಧ್ವನಿಯಲ್ಲೇ ನನಗೆ ಹೇಳಿದಳು, ಉತ್ತರಗಳನ್ನು ಸಭೆಗೆ ಹೇಳಿದಳು. ಪ್ರಾಧ್ಯಾಪಕರು ವಂದನೆ ಸಲ್ಲಿಸಿದರು. ಜನ ಎದ್ದು ತಮ್ಮ ಚೀಲಗಳಿಗಾಗಿ ಹಿಂಬಾಗಿಲಿನ ಬಳಿ ಸಾಲಾಗಿ ನಿಂತರು. ಬಿಲ್ಲೆಯ ಸಂಖ್ಯೆಗಳನ್ನು ಒಂದೊಂದಾಗಿ ಕರೆಯಲಾರಂಭಿಸಿದರು.

"ಆ ಚೀಟಿಯಲ್ಲಿ ಏನಿತ್ತಮ್ಮ?"

ಆಕೆ ಅದನ್ನು ತೆಗೆದು ನನ್ನ ಮುಂದಿಟ್ಟಳು. ಪೆನ್ಸಿಲಿನಲ್ಲಿ ಬರೆದಿದ್ದರೂ ನಡುಗದ ಆ ಗೀಟುಗಳನ್ನು ಗುರುತಿಸಲು ನನಗೆ ಲಿಪಿಜ್ಞಾನ ಬೇಕಾಗಲಿಲ್ಲ.

"ಎರಡು ವಾದಗಳನ್ನ ನನಗಿಂತ ಚೆನ್ನಾಗಿ ಹೇಳಿದ್ರಿ. ಮೂರನೇದು ಎಲ್ಲಿ? ಅಂತ ಬರ್ದಿದಾನೆ, ಗುರುಗಳೇ."

"ಹೇಳಿದೆನಲ್ಲ!"

"ನೀವು ಹೇಳಿದ್ರಿ. ನಾನು ಹೇಳ್ಲಿಲ್ಲ." ಆಕೆ ತಟ್ಟೆಯ ಅಂಚನ್ನು ಎರಡು ಕೈಯಿಂದ ಹಿಡಿದುಕೊಂಡಳು. "ಓದೋಕೆ ಅಂತ ತಲೆ ಎತ್ತಿದೆ. ಮೂರನೇ ಸಾಲಲ್ಲಿ ಒಬ್ರು ಕೋಟಿನ ಒಳಗೆ ಕೈ ಹಾಕಿದ್ರು. ಕನ್ನಡಕ ತೆಗೆದ್ರು, ಅಷ್ಟೇ. ಆದ್ರೆ ಅಷ್ಟೊತ್ತಿಗೆ ನನಗೆ ಮಗು ಮುಖ ಬಂದ್ಬಿಟ್ಟಿತ್ತು. 'ಇನ್ನೂ ಕೆಲವು ಆಕ್ಷೇಪಗಳಿವೆ' ಅಂತ ಹೇಳಿ ಮುಗಿಸ್ಬಿಟ್ಟೆ."

ಅವನು ಒಳಗೆ ಬಂದಿದ್ದ. ಚೀಲವನ್ನು ಹೊರಗಿಟ್ಟು, ಮೈ ತೋರಿಸಿ, ಬಿಲ್ಲೆ ಪಡೆದು ಇಡೀ ಉಪನ್ಯಾಸ ಕೇಳಿದ್ದ. ಈಗ ಆ ಸಾಲಿನಲ್ಲಿ ನಿಂತಿದ್ದ. ಬರಿಗೈಯಲ್ಲಿ ಬಂದು, ತನ್ನ ಮೂರನೆಯ ವಾದವನ್ನು ನಮ್ಮ ಕಣ್ಣೆದುರೇ ಗೆದ್ದಿದ್ದ. ಪ್ರಾಧ್ಯಾಪಕರಿಗೆ ಸಂಸ್ಕೃತದಲ್ಲಿ ನಾಲ್ಕು ಮಾತು ಹೇಳಿ ಚೀಟಿ ಕೊಟ್ಟೆ. ಅವರು ಅದನ್ನು ಹಿಡಿದು ಹೊರಗಿನ ಅಧಿಕಾರಿಯ ಬಳಿಗೆ ನಡೆದರು. ಓಡಲಿಲ್ಲ; ಓಡಿದ್ದರೆ ಏನಾಗುತ್ತಿತ್ತೋ ತಿಳಿಯದು.

"ತಪ್ಪಾಯ್ತು ಗುರುಗಳೇ," ಎಂದಳು.

"ನಾನಾಗಿದ್ದರೂ ಬಿಡುತ್ತಿದ್ದೆನಮ್ಮ," ಎಂದೆ. ಅದು ಸಮಾಧಾನದ ಮಾತಾಗಿರಲಿಲ್ಲ, ನಿಜವೇ ಆಗಿತ್ತು. "ನಡಿ, ಹೊರಡೋಣ."

ಆಕೆ ಹೊರಡಲಿಲ್ಲ. ಸಾಲನ್ನು ನೋಡಿದಳು. ಇನ್ನೂ ಅರ್ಧಕ್ಕಿಂತ ಹೆಚ್ಚು ಜನ ಬೆನ್ನು ತಿರುಗಿಸಿ ನಿಂತಿದ್ದರು. ಮೈಕಿನ ಗುಂಡಿಯನ್ನು ಒತ್ತಿದಳು. ಬೇಡವೆನ್ನಲು ನಾನು ಕೈಯೆತ್ತಿದೆ. ಕೈ ಅರ್ಧದಲ್ಲೇ ಉಳಿಯಿತು.

ಮೊದಲು ಕ್ಷಮೆ ಕೇಳಿದಳು; ಅಷ್ಟು ಜಪಾನೀ ಭಾಷೆ ನನಗೂ ಬರುತ್ತಿತ್ತು. ಬೆನ್ನುಗಳು ತಿರುಗಿ ಮುಖಗಳಾದವು. ಒಂದು ವಾದವನ್ನು ತಾನು ಹೆದರಿ ಬಿಟ್ಟುಬಿಟ್ಟೆ ಎಂದು ಹೇಳಿಕೊಂಡಳೆಂದು ಅನಂತರ ತಿಳಿಯಿತು. ಆಮೇಲೆ ಆ ವಾಕ್ಯಗಳು ಬಂದವು. ಹತ್ತು ದಿನ ತಿದ್ದಿ ತಿದ್ದಿ ನನಗೆ ಅವುಗಳ ಲಯ ಬಾಯಿಗೆ ಬಂದಿತ್ತು. ಆಯುಧವು ಸಭೆಗೆ ಬರಬೇಕಾಗಿಯೇ ಇಲ್ಲ ಎನ್ನುವಲ್ಲಿ ಆಕೆಯ ಸ್ವರ ಒಡೆಯಿತು. ನಿಂತು, ಉಸಿರೆಳೆದುಕೊಂಡು, ಆ ವಾಕ್ಯವನ್ನು ಮೊದಲಿನಿಂದ ಹೇಳಿದಳು. ನುಂಗಿದ ಮಾತಿನಲ್ಲಿ ನಾನು ಗೆದ್ದಿರುತ್ತೇನೆ ಎಂಬಲ್ಲಿಗೆ ಮುಗಿಸಿ, ತಲೆಬಾಗಿ, ಮೈಕನ್ನು ಆರಿಸಿದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೆಲವರು ಮರಳಿ ತಲೆಬಾಗಿದರು. ನಾನು ಒಂದೊಂದು ಮುಖವನ್ನೂ ನೋಡಿದೆ. ಕನ್ನಡಕದವರು ಹಲವರಿದ್ದರು. ಬಾಗಿಲ ಬಳಿ ಅಧಿಕಾರಿಯೂ ಚೀಟಿ ಹಿಡಿದು ಮುಖಗಳನ್ನು ನೋಡುತ್ತಿದ್ದರು. ಸಹಿಯಿಲ್ಲದ ಚೀಟಿ, ಯಾರನ್ನು ಹಿಡಿದು ನಿಲ್ಲಿಸುವುದು? ಮುಂದಿನ ಸಂಖ್ಯೆಯನ್ನು ಕರೆದರು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು.

ಆಕೆ ನನ್ನ ಪಕ್ಕದಲ್ಲಿ ಕುಳಿತಳು.

"ನಿಮ್ಮ ಸಿದ್ಧಾಂತದ ಎರಡು ವಾಕ್ಯ ಹೇಳ್ಲಿಲ್ಲ, ಗುರುಗಳೇ," ಎಂದಳು. "ಏನನ್ನೂ ನುಂಗದೆ ಇಳಿದ್ರೆ ಅದೇ ಉತ್ತರ ಅನ್ನೋದು. ಅದು ಇವತ್ತು ಸುಳ್ಳಾಗ್ತಿತ್ತಲ್ವಾ?"

"ಹೌದಮ್ಮ," ಎಂದೆ.

ಕೊನೆಯ ಸಂಖ್ಯೆಯನ್ನು ಕರೆಯುವವರೆಗೆ ನಾವಿಬ್ಬರೂ ವೇದಿಕೆಯಿಂದ ಇಳಿಯದೆ ಕುಳಿತಿದ್ದೆವು. ಯಾರೋ ಒಬ್ಬರು ತಮ್ಮ ಚೀಲವನ್ನು ತೆಗೆದುಕೊಂಡರು, ಕೊಟ್ಟವರಿಗೆ ವಂದಿಸಿದರು, ಹೊರಗೆ ಹೋದರು.